ಅಣ್ಣನ ಕುದುರೆ, ಪುಗಸಟ್ಟೆಯ ಸಾಫ್ಟ್‌ವೇರ್

ಅವನಿಗೆ ಪುಗಸಟ್ಟೆ ಅಂತ ಹೆಸರಿಟ್ಟವಳು ಅವನ ಹೆಂಡತಿಯೇ. ಮದುವೆಯ ಫೋಟೋವನ್ನೂ ಬಿಟ್ಟಿ ತೆಗೆಸಿದ ಗಂಡನಿಗೆ ಇನ್ನೇನು ಹೆಸರಿಡಬೇಕಿತ್ತು ಎಂದು ಕೇಳುತ್ತಿದ್ದಳು. ನಮ್ಮ ಬೀದಿಯಲ್ಲೇ ಅವನದೊಂದು ಜೆರಾಕ್ಸ್ ಮಷಿನ್ ರಿಪೇರಿ ಅಂಗಡಿ. ಜಿಪುಣನೇನಲ್ಲ, ಅಂಗಡಿಗೆ ಬಂದವರಿಗೆಲ್ಲ ಚಹಾ ತರಿಸುತ್ತಿದ್ದ. ಆದರೆ ಲೋಕದಲ್ಲಿ ಯಾವುದು ಎಲ್ಲಿ ಪುಕ್ಕಟೆ ಸಿಗುತ್ತದೆ ಎಂಬುದು ಅವನಿಗೆ ಗೊತ್ತಿರುತ್ತಿತ್ತು, ಗೊತ್ತಿದ್ದನ್ನು ಹೇಳದೆ ಇರಲು ಅವನಿಂದ ಆಗುತ್ತಿರಲಿಲ್ಲ. ನನ್ನನ್ನು ಅಕ್ಕ ಎನ್ನುತ್ತಿದ್ದ. ಆ ಅಕ್ಕ ಎಂಬ ಮಾತಿಗೇ ನಾನು ಬಿದ್ದದ್ದು. ಇದನ್ನು ಬರೆಯುವಾಗಲೂ ಮೈ ಉರಿಯುತ್ತಿದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಾನು ಹಲ್ಲು ಮಾಡುವವಳು. ಹಲ್ಲಿನ ಡಾಕ್ಟರು ಅಳತೆ ಕಳಿಸುತ್ತಾರೆ, ನಮ್ಮ ಲ್ಯಾಬಿನಲ್ಲಿ ಅದಕ್ಕೆ ತಕ್ಕ ಹಲ್ಲು ತಯಾರಾಗುತ್ತದೆ. ಅಲ್ಲೊಂದು ಯಂತ್ರವಿದೆ. ಬಿಳಿಯ ಗಟ್ಟಿಯೊಂದನ್ನು ಕಚ್ಚಿ ಹಿಡಿದು, ಅದನ್ನು ತಿರುಗಿಸಿ, ಬಾಗಿಸಿ, ಎಲ್ಲ ಕಡೆಯಿಂದಲೂ ಕೊರೆದು ಒಂದು ದವಡೆಹಲ್ಲನ್ನು ಹೊರಗೆ ಹಾಕುತ್ತದೆ. ಹನ್ನೊಂದು ವರ್ಷ ಅದನ್ನು ನೋಡಿದ ಮೇಲೆ ನನ್ನ ತಲೆಗೆ ಒಂದು ಹುಳ ಹೊಕ್ಕಿತು. ದವಡೆಹಲ್ಲು ಆಗುತ್ತದೆಂದರೆ ಕುದುರೆ ಯಾಕಾಗಬಾರದು?

ಕುದುರೆ ಎಂದರೆ ಚದುರಂಗದ ಕುದುರೆ. ನಮ್ಮಣ್ಣ ನಲವತ್ತು ವರ್ಷ ಅದನ್ನು ಬಿಟ್ಟು ಬೇರೇನೂ ಕೆತ್ತಲಿಲ್ಲ. ಚದುರಂಗದ ಕಾಯಿ ಮಾಡುವ ಕಾರ್ಖಾನೆಯಲ್ಲಿ ರಾಜ, ಮಂತ್ರಿ, ಆನೆ, ಒಂಟೆ, ಕಾಲಾಳು ಎಲ್ಲವೂ ಲೇತಿನ ಮೇಲೆ ಗರಗರ ತಿರುಗಿ ಹುಟ್ಟುತ್ತವೆ. ಕುದುರೆ ಮಾತ್ರ ತಿರುಗಿದರೆ ಹುಟ್ಟುವುದಿಲ್ಲ, ಅದಕ್ಕೆ ಮುಖವಿದೆ. ಅದಕ್ಕೆ ಕೈಯೇ ಬೇಕು. ಪೆಟ್ಟಿಗೆಯ ಬೆಲೆಯಲ್ಲಿ ಅರ್ಧ ನಾಲ್ಕು ಕುದುರೆಗಳದು ಎನ್ನುತ್ತಿದ್ದ ಅಣ್ಣ. ಒಬ್ಬೊಬ್ಬ ಕೆತ್ತುವವನದೂ ಒಂದೊಂದು ಕುದುರೆ; ಮೂಗಿನ ಹೊಳ್ಳೆ, ಜೂಲು, ಗದ್ದದ ಕೆಳಗಿನ ತಗ್ಗು ನೋಡಿಯೇ ಇದು ಯಾರ ಕೈ ಎಂದು ಹೇಳಬಹುದು. ಅದಕ್ಕೇ ಅವರಲ್ಲೊಂದು ಅಭ್ಯಾಸ. ಊಟಕ್ಕೋ ಇನ್ನೆಲ್ಲಿಗೋ ಎದ್ದು ಹೋಗುವಾಗ ಅರ್ಧ ಕೆತ್ತಿದ ಕುದುರೆಯ ಮುಖವನ್ನು ಗೋಡೆಗೆ ತಿರುಗಿಸಿ ಏಳುತ್ತಾರೆ. ಪಕ್ಕದವನು ಎಷ್ಟೇ ಸ್ನೇಹಿತನಾಗಲಿ, ಮುಖ ಅವನಿಗಲ್ಲ. ಅಣ್ಣ ಮನೆಯಲ್ಲೂ ಹಾಗೇ ಮಾಡುತ್ತಿದ್ದ, ನನ್ನೊಬ್ಬಳ ಮುಂದೆ ಬಿಟ್ಟು. ನಾನು ಏಳು ವರ್ಷದವಳಿದ್ದಾಗಲೇ ಅವನ ಮೊಣಕಾಲಿನ ಹತ್ತಿರ ಕೂತು ಮರದ ಸಿಪ್ಪೆ ಆರಿಸುತ್ತ ಅವನ ಕುದುರೆಯ ಮುಖ ನೋಡಿದವಳು.

ಎರಡು ವರ್ಷದ ಹಿಂದೆ ಅವನ ಬಲಗೈ ನಡುಗಲು ಶುರುವಾಯಿತು. ಔಷಧ ಕೊಟ್ಟ ಡಾಕ್ಟರು ಕಡಿಮೆಯಾಗುತ್ತದೆ ಎಂದರು, ಹೋಗುತ್ತದೆ ಎನ್ನಲಿಲ್ಲ. ಕಾರ್ಖಾನೆಯವರು ಅವನನ್ನು ತೆಗೆಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು. ಕಾಯಿಗಳ ತಳಕ್ಕೆ ಹಸಿರು ಬಟ್ಟೆ ಅಂಟಿಸಲು ಕೂರಿಸಿದರು. ಮೊದಲ ದಿನ ಮನೆಗೆ ಬಂದು ರಾತ್ರಿಯವರೆಗೂ ಬೆರಳಿನ ಗೋಂದು ಕೆರೆದುಕೊಳ್ಳುತ್ತ ಕೂತಿದ್ದ. ಅಪ್ಪ ಅಮ್ಮ ಹೋದ ಮೇಲೆ ಈ ಮನೆಯಲ್ಲಿ ಇರುವವರು ನಾವಿಬ್ಬರೇ. ಮುಂದಿನ ಕೋಣೆ ಅವನದು, ಹಿಂದಿನದು ನನ್ನದು. ನಲವತ್ತಾರು ದಾಟಿದರೂ ನಾನು ಅವನಿಗೆ ಪುಟ್ಟಿಯೇ. ಆ ದಿನ ಪುಟ್ಟಿ ತೀರ್ಮಾನ ಮಾಡಿದಳು.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಅವನ ಕೈ ನಡುಗುವುದು ದೊಡ್ಡ ಉಳಿಯನ್ನು ಒತ್ತುವಾಗ. ಬೆಳಿಗ್ಗೆ ಮಾತ್ರೆ ನುಂಗಿ, ಮೊಣಕೈ ಮೇಜಿಗೆ ಊರಿ, ಸಣ್ಣ ಉಳಿ ಹಿಡಿದರೆ ಒಂದೂವರೆ ಗಂಟೆ ಕೈ ಮಾತು ಕೇಳುತ್ತದೆ. ಹಾಗಾದರೆ ಒರಟು ಕೆಲಸವನ್ನೆಲ್ಲ ಯಂತ್ರ ಮಾಡಲಿ. ಕಣ್ಣು, ಹೊಳ್ಳೆ, ಜೂಲಿನ ಗೆರೆ ಅವನು ಮಾಡಲಿ. ಹಿಂದಿನ ಕೋಣೆಯಲ್ಲಿ ಎಂಟು ತಿಂಗಳು ಕೂತು ಯಂತ್ರ ಕಟ್ಟಿದೆ. ಕೊರೆಯುವ ಮೊನೆ ಮೇಲೆ ಕೆಳಗೆ, ಹಿಂದೆ ಮುಂದೆ, ಅತ್ತ ಇತ್ತ ಓಡುವುದು ಮೂರು ಚಲನೆ. ಹಿಡಿದ ಮರವೇ ತಿರುಗುವುದು ನಾಲ್ಕನೆಯದು. ತಿರುಗುತ್ತಲೇ ಬಾಗುವುದು ಐದನೆಯದು. ಐದೂ ಇಲ್ಲದೆ ಕುದುರೆಯ ಗದ್ದದ ಕೆಳಗೆ ಮೊನೆ ಹೋಗುವುದಿಲ್ಲ. ಯಂತ್ರ ಸಿದ್ಧವಾದ ದಿನ ಅದರ ಮುಂದೆ ನಿಂತು ಹೆಮ್ಮೆಪಟ್ಟೆ. ಆಮೇಲೆ ತಿಳಿಯಿತು, ಅದಕ್ಕೆ ಮೈ ಇದೆ, ತಲೆ ಇಲ್ಲ. ಎಲ್ಲಿ ಕೊರೆಯಬೇಕು, ಯಾವ ದಾರಿಯಲ್ಲಿ ಹೋಗಬೇಕು ಎಂದು ಹೇಳಲು ಸಾಫ್ಟ್‌ವೇರ್ ಬೇಕು.

ಹೆಣ್ಣು ಗಂಡು ನೋಡುವುದಕ್ಕೂ ಇಷ್ಟು ಅಲೆದವರಿಲ್ಲ. ದೊಡ್ಡ ಕಂಪನಿಯದೊಂದು ಇತ್ತು. ಹವ್ಯಾಸಿಗಳಿಗೆ ಉಚಿತ ಎಂದು ಬಾಗಿಲಲ್ಲೇ ಬೋರ್ಡು; ಒಳಗೆ ಹೋದರೆ ಮೂರು ಚಲನೆ ಮಾತ್ರ ಉಚಿತ, ಮರ ತಿರುಗಬೇಕೆಂದರೆ ತಿಂಗಳು ತಿಂಗಳು ಬಾಡಿಗೆ. ಇನ್ನೊಂದು ಅಗ್ಗದ್ದು, ಮರವನ್ನು ತಿರುಗಿಸುತ್ತಿತ್ತು, ಬಾಗಿಸುತ್ತಿರಲಿಲ್ಲ. ಅದರಲ್ಲಿ ಮಾಡಿದ ಕುದುರೆಗೆ ಗದ್ದವೇ ಇಲ್ಲದೆ ಕತ್ತು ನೇರವಾಗಿ ಬಾಯಿಗೆ ಸೇರಿ ಗಂಟಲು ಬಾತ ಹಸುವಿನ ಹಾಗೆ ಕಾಣುತ್ತಿತ್ತು. ಮೂರನೆಯದು ಸರಿಯಾಗಿತ್ತು. ಒಂದು ಸಲ ದುಡ್ಡು ಕೊಟ್ಟರೆ ನಮ್ಮದೇ, ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಐದು ಚಲನೆಯೂ ಉಂಟು. ಬೆಲೆ ನನ್ನ ಎರಡು ತಿಂಗಳ ಸಂಬಳ. ಯಂತ್ರದ ಮೋಟಾರಿಗೆ ಕೈಯಲ್ಲಿದ್ದುದನ್ನೆಲ್ಲ ಸುರಿದಿದ್ದೆ. ಆದರೂ ಅದನ್ನೇ ಕೊಳ್ಳೋಣ, ನಾಲ್ಕು ತಿಂಗಳು ಕಾಯೋಣ ಅಂದುಕೊಂಡಿದ್ದೆ. ಆಗ ಬಂದ ನಮ್ಮ ಪುಗಸಟ್ಟೆ.

"ದುಡ್ಡು ಕೊಟ್ಟು ತಗೋತೀರಾ? ನಾನು ಸತ್ತೋಗಿದೀನಾ ಅಕ್ಕ?" ಎಂದ. "ಒಂದಿದೆ. ಇಳಿಸಿಕೊಳ್ಳೋದೂ ಬೇಡ, ಇಂಟರ್‌ನೆಟ್ಟಲ್ಲೇ ತೆರ್ಕೊಳತ್ತೆ. ಐದೂ ಚಲನೆ. ಒಂದು ಕಾಸೂ ಇಲ್ಲ."

"ಒಂದು ಕಾಸೂ ಇಲ್ದೆ ಯಾಕಪ್ಪಾ ಕೊಡ್ತಾರೆ? ಅವರೇನು ನನ್ನ ಸೋದರಮಾವನಾ?"

"ದೊಡ್ಡ ಕಾರ್ಖಾನೆಗಳಿಂದ ವಸೂಲಿ ಮಾಡ್ಕೋತಾರೆ. ನಮ್ಮಂಥೋರು ಆಡ್ಕೊಂಡಿರ್ಲಿ ಅಂತ ಬಿಡ್ತಾರೆ. ನಿಮಗೆ ಎಲ್ಲದ್ರಲ್ಲೂ ಅನುಮಾನ."

ಭಾನುವಾರ ನನ್ನದೇ ಕುರ್ಚಿಯಲ್ಲಿ ಕೂತು ನನ್ನ ಹೆಸರಿನಲ್ಲಿ ಖಾತೆ ತೆರೆದ. ಒಂದು ಪುಟ ಬಂತು, ಕೆಳಗೆ ಎಳೆದಷ್ಟೂ ಮುಗಿಯದ್ದು. ಇದೇನಿದು ಇಷ್ಟುದ್ದ ಎಂದೆ. "ಅದನ್ನ ಬರೆದೋನೂ ಓದಿರಲ್ಲ, ಒತ್ತಿ" ಎಂದು ಎದ್ದು ಮೌಸನ್ನು ನನ್ನ ಕೈಗೆ ಕೊಟ್ಟ. ಅಲ್ಲಿಯವರೆಗೆ ಎಲ್ಲವನ್ನೂ ಅವನೇ ಒತ್ತಿದ್ದ, ಆ ಒಂದನ್ನು ಮಾತ್ರ ನನ್ನಿಂದ ಒತ್ತಿಸಿದ. ಅದು ಆಗ ನನಗೆ ಮರ್ಯಾದೆಯಂತೆ ಕಂಡಿತು.

ಇನ್ನು ಕುದುರೆಯನ್ನು ಕಂಪ್ಯೂಟರಿಗೆ ಇಳಿಸಬೇಕಿತ್ತು. ಅಣ್ಣನ ಹತ್ತಿರ ಒಂದು ಕುದುರೆ ಇದೆ, ಯಾರಿಗೂ ಮಾರದ್ದು. ಇಪ್ಪತ್ತೈದನೇ ವಯಸ್ಸಿನಲ್ಲಿ ಕೆತ್ತಿದ್ದು. ಆಮೇಲೆ ಕೆತ್ತಿದ್ದೆಲ್ಲ ಅದನ್ನು ನೋಡಿಕೊಂಡು ಕೆತ್ತಿದ್ದು. ಗದ್ದದ ಕೆಳಗೆ ಎಡಕ್ಕೆ ಮರದ ಗಂಟೊಂದು ಸಿಕ್ಕಿ ಉಳಿ ಜಾರಿ ಒಂದು ಗುಳಿ ಬಿದ್ದಿತ್ತು. ಅಣ್ಣ ಅದನ್ನು ತಿದ್ದದೆ ಹಾಗೇ ಬಿಟ್ಟಿದ್ದ. ಬಟ್ಟೆ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ.

"ಇದು ಹೊಸ್ಲು ದಾಟಬಾರ್ದು ಪುಟ್ಟಿ."

"ದಾಟಲ್ಲ ಬಿಡಣ್ಣ."

ಮಾತು ಉಳಿಸಿಕೊಳ್ಳಲೆಂದು ಲ್ಯಾಬಿನ ಹಳೆಯ ಸ್ಕ್ಯಾನರನ್ನು ಯಜಮಾನರ ಕೈಕಾಲು ಹಿಡಿದು ಎರಡು ದಿನದ ಮಟ್ಟಿಗೆ ಮನೆಗೇ ಹೊತ್ತು ತಂದೆ. ಕುದುರೆ ಹೊಸ್ತಿಲು ದಾಟಲಿಲ್ಲ. ಹಲ್ಲಿನ ಅಚ್ಚು ನಿಲ್ಲಿಸುವ ಗುಲಾಬಿ ಬಣ್ಣದ ಮೇಣದಿಂದ ಅದನ್ನು ಸ್ಕ್ಯಾನರಿನ ತಟ್ಟೆಗೆ ಅಂಟಿಸಿದೆ. ಅವಸರದಲ್ಲಿ ಒಂದು ಚೂರು ಮೇಣ ತಳದ ಅಂಚಿಗೆ ಮೆತ್ತಿಕೊಂಡು ಗೋಧಿಕಾಳಿನಷ್ಟು ಉಬ್ಬಾಗಿ ಸ್ಕ್ಯಾನಿನ ಚಿತ್ರದಲ್ಲೂ ಬಂತು. ಹೇಗೂ ಕೊನೆಗೆ ಅಣ್ಣ ತಳ ಉಜ್ಜುತ್ತಾನೆ ಎಂದು ಅಳಿಸುವ ಗೋಜಿಗೆ ಹೋಗಲಿಲ್ಲ.

ಪುಗಸಟ್ಟೆ ಮೂರು ತಿಂಗಳು ಪ್ರತಿ ಭಾನುವಾರ ಬಂದ. ಸಾಫ್ಟ್‌ವೇರ್ ಹಾಕಿದ ದಾರಿಯನ್ನು ನನ್ನ ಯಂತ್ರಕ್ಕೆ ತಿಳಿಯುವ ಹಾಗೆ ಬದಲಾಯಿಸುವ ಫೈಲನ್ನು ಅವನೇ ಬರೆದುಕೊಟ್ಟ. ಚಿತ್ರದಲ್ಲಿದ್ದ ತೂತು, ಬಿರುಕು ಮುಚ್ಚಲು ನನ್ನ ಜೊತೆ ಕೂತ. "ಚೆನ್ನಾಗಿ ಕ್ಲೀನ್ ಮಾಡಿ ಅಕ್ಕ, ಯಾರು ನೋಡಿದ್ರೂ ಹೌದು ಅನ್ಬೇಕು" ಎನ್ನುತ್ತಿದ್ದ. ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ ಎಂದು ನಾನು ಅಣ್ಣನ ಮುಂದೆ ಹೊಗಳಿದೆ. ಒಂದು ಸಲ ಫೈಲಿನ ಪಕ್ಕ ಮೂವತ್ತೇಳು ಎಂಬ ಅಂಕೆ ಕಾಣಿಸಿತು. ಇದೇನು ಎಂದು ಕೇಳಿದೆ.

"ನೀವು ಎಷ್ಟು ಸಲ ತೆರೆದ್ರಿ ಅಂತ ಲೆಕ್ಕ" ಎಂದ, ಚಹಾದ ಲೋಟದಿಂದ ತಲೆ ಎತ್ತದೆ.

ಅಷ್ಟೊಂದು ಕೆಲಸ ಮಾಡಿದ್ದೀನಲ್ಲ ಎಂದು ನಾನು ಖುಷಿಪಟ್ಟೆ. ನನ್ನಂಥ ಪೆದ್ದಿ ಇನ್ನೊಬ್ಬಳಿದ್ದರೆ ತೋರಿಸಿ.

ಮೊದಲ ಕುದುರೆ ಹುಟ್ಟಲು ನಾಲ್ಕು ಗಂಟೆ ಹಿಡಿಯಿತು. ಮನೆಯೆಲ್ಲ ಮರದ ಧೂಳು. ಅಣ್ಣ ಬಾಗಿಲಲ್ಲಿ ಕೈಕಟ್ಟಿ ನಿಂತೇ ನೋಡಿದ. ಯಂತ್ರ ನಿಂತ ಮೇಲೆ ಕುದುರೆಯನ್ನು ಬಿಡಿಸಿಕೊಂಡು, ಮೂಸಿ, ಬೆರಳಾಡಿಸಿ, "ಕಿವಿ ದಪ್ಪ ಬಿಟ್ಟಿದೆ ನಿನ್ನ ಮಷಿನ್ನು. ಒಳ್ಳೇದಾಯ್ತು, ನನಗೂ ಕೆಲ್ಸ ಇರ್ಲಿ" ಎಂದ. ಮರುದಿನ ಬೆಳಿಗ್ಗೆ ಮೊಣಕೈ ಊರಿ ಕೂತು ಕಣ್ಣು ಕೆತ್ತಿದ. ಕೈ ನಡುಗಲಿಲ್ಲ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆರು ತಿಂಗಳಲ್ಲಿ ಅವನು ಬಟ್ಟೆ ಅಂಟಿಸುವ ಕೆಲಸ ಬಿಟ್ಟ. ಚದುರಂಗದ ಸಾಮಾನು ಮಾರುವ ಅಂಗಡಿಯವರೊಬ್ಬರು ಅವನ ಕುದುರೆ ನೋಡಿ, ಬರೀ ಕುದುರೆಗಳನ್ನೇ ಕೊಡಿ, ಉಳಿದ ಕಾಯಿ ನಾನು ಬೇರೆ ಕಡೆ ಮಾಡಿಸುತ್ತೇನೆ ಎಂದರು. ಇಂಥ ಕುದುರೆ ಬೇರೆಲ್ಲೂ ಸಿಗದು, ಅದಕ್ಕೇ ಈ ಬೆಲೆ ಎಂದೂ ಹೇಳಿದರು. ಅಣ್ಣ ಮತ್ತೆ ಬೆಳಿಗ್ಗೆ ಹಾಡು ಗುನುಗಲು ಶುರುಮಾಡಿದ. ಶ್ರುತಿ ಎಲ್ಲೋ, ಹಾಡು ಎಲ್ಲೋ. ನಾನು ಕಿವಿ ಮುಚ್ಚಿಕೊಳ್ಳುವ ನಾಟಕ ಮಾಡುತ್ತಿದ್ದೆ.

ಒಂದು ಬುಧವಾರ ತಯಾರಾದ ಹಲ್ಲುಗಳನ್ನು ಕೊಡಲು ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ಕಾಯುವವರು ಕೂರುವ ಕಡೆ ಹೊಸ ಚದುರಂಗದ ಮಣೆ ಇಟ್ಟಿದ್ದರು. ಹಲ್ಲುನೋವಿನವರಿಗೆ ಕಾಲ ಕಳೆಯಲಿ ಅಂತ, ಈಗ ಎಲ್ಲ ಕಡೆ ಸಿಗುತ್ತೆ, ಅಗ್ಗ ಕಣ್ರೀ ಎಂದರು ಡಾಕ್ಟರು. ನಾನು ಸುಮ್ಮನೆ ಕುದುರೆಯನ್ನು ಎತ್ತಿದೆ. ಪ್ಲಾಸ್ಟಿಕ್ಕಿನದು. ಅಂಗೈಗೆ ಬಂದ ಕೂಡಲೇ ಕೈಗೆ ಅದರ ಗುರುತು ಸಿಕ್ಕಿತು, ಕಣ್ಣಿಗೆ ಆಮೇಲೆ ಸಿಕ್ಕಿದ್ದು. ಅದೇ ಹೊಳ್ಳೆ. ಅದೇ ಜೂಲು. ತಿರುಗಿಸಿದೆ. ಗದ್ದದ ಕೆಳಗೆ ಎಡಕ್ಕೆ ಗುಳಿ. ಯಾರೋ ಅಂಗಡಿಯಿಂದ ಕೊಂಡು ಅಚ್ಚು ತೆಗೆದಿರಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳುತ್ತ ತಳದ ಅಂಚು ಸವರಿದೆ. ಗೋಧಿಕಾಳಿನಷ್ಟು ಉಬ್ಬು ಬೆರಳಿಗೆ ತಾಗಿತು.

ಅಣ್ಣ ಅಂಗಡಿಗೆ ಕೊಟ್ಟ ಒಂದು ಕುದುರೆಯಲ್ಲೂ ಆ ಉಬ್ಬಿರಲಿಲ್ಲ. ಎಲ್ಲವನ್ನೂ ಅವನು ಉಜ್ಜಿ ತೆಗೆದಿದ್ದ. ಅದು ಇದ್ದದ್ದು ನನ್ನ ಫೈಲಿನಲ್ಲಿ ಮಾತ್ರ. ನನ್ನ ಮೇಣ ಅದು. ಡಾಕ್ಟರಿಗೆ ಏನೋ ಹೇಳಿ ಆ ಕುದುರೆಯನ್ನು ಬೇಡಿಕೊಂಡು ಚೀಲಕ್ಕೆ ಹಾಕಿ ನೇರ ಜೆರಾಕ್ಸ್ ಅಂಗಡಿಗೆ ನಡೆದೆ.

ಪುಗಸಟ್ಟೆ ಬಿಚ್ಚಿದ ಯಂತ್ರದೊಳಗೆ ತೋಳಿನವರೆಗೆ ಕೈ ಹಾಕಿ ಕೂತಿದ್ದ. ಕುದುರೆಯನ್ನು ಅವನ ಮುಂದಿಟ್ಟೆ. ಅವನು ಗಾಬರಿಯಾಗಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅವನು ನಕ್ಕ.

"ಬಂತಾ ಮಾರ್ಕೆಟ್ಟಿಗೆ? ಚೆನ್ನಾಗಿ ಎರಕ ಹೊಯ್ದಿದಾರೆ ಅಲ್ವಾ ಅಕ್ಕ?"

"ಯಾರು ಕೊಟ್ಟಿದ್ದು ಅವರಿಗೆ?"

"ಕೊಡೋದೇನು ಬಂತು? ಎಲ್ಲರಿಗೂ ತೆರೆದಿಟ್ಟಿದ್ದು ನೀವೇ. ಆ ಸಾಫ್ಟ್‌ವೇರ್ ಬಿಟ್ಟಿ ಅಂದ್ರೆ ಅದೇ ಷರತ್ತು. ಅದ್ರಲ್ಲಿ ಮಾಡಿದ್ದೆಲ್ಲ ಎಲ್ಲರದೂ. ಯಾರು ಬೇಕಾದ್ರೂ ಇಳಿಸ್ಕೋಬಹುದು. ನನ್ನ ಪರಿಚಯದೋರು ಒಂದು ಪ್ಲಾಸ್ಟಿಕ್ ಸಾಮಾನಿನ ಕಾರ್ಖಾನೆ ಇಟ್ಟಿದಾರೆ, ಒಳ್ಳೇ ಕುದುರೆ ಹುಡುಕ್ತಿದ್ರು. ಎಲ್ಲಿದೆ ಅಂತ ಹೇಳಿದೆ. ಅವರು ಖುಷಿಗೆ ನನಗೆ ಏನೋ ಕೊಟ್ರು. ಕದ್ದಿಲ್ಲ ನಾನು."

"ಮೊದಲೇ ಗೊತ್ತಿತ್ತಾ ನಿನಗೆ, ಎಲ್ಲರಿಗೂ ಕಾಣತ್ತೆ ಅಂತ?"

"ಅದೇನು ಗುಟ್ಟಾ? ಆ ಪುಟದಲ್ಲೇ ಬರೆದಿತ್ತು."

"ಮೂವತ್ತೇಳು ಅಂತ ಇತ್ತಲ್ಲ?"

ಆಗ ಮಾತ್ರ ಅವನು ಯಂತ್ರದಿಂದ ಕೈ ತೆಗೆದು ಬಟ್ಟೆಗೆ ಒರೆಸಿಕೊಂಡ. ಬೆರಳೆಲ್ಲ ಕಪ್ಪು ಪುಡಿ. ಆ ಅಂಕೆ ಎಷ್ಟು ಜನ ಇಳಿಸಿಕೊಂಡರು ಎಂಬುದರ ಲೆಕ್ಕ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. "ಆಗಲೇ ಹೇಳಿದ್ರೆ ನೀವು ನಿಲ್ಲಿಸ್ಬಿಡ್ತಿದ್ರಿ" ಎಂದ ಮೆಲ್ಲಗೆ. ಮೂರು ತಿಂಗಳು ನನ್ನ ಪಕ್ಕ ಕೂತು ತೂತು, ಬಿರುಕು ಮುಚ್ಚಿದ್ದು ನಮ್ಮಣ್ಣನಿಗಾಗಿ ಅಲ್ಲ. ಎರಕ ಹೊಯ್ಯುವವರಿಗೆ ಚೊಕ್ಕಟ ಫೈಲು ಬೇಕಿತ್ತು, ಅಕ್ಕನಿಂದಲೇ ಮಾಡಿಸಿಕೊಂಡ. ನನಗೆ ಬಾಯಿಗೆ ಬಂದಂತೆ ಬೈಯುವ ಅಭ್ಯಾಸವಿದೆ, ಬೀದಿಯವರೆಲ್ಲ ಬಲ್ಲರು. ಅವತ್ತು ಕುದುರೆಯನ್ನು ಚೀಲಕ್ಕೆ ಹಾಕಿಕೊಂಡು ತಿರುಗಿದೆ. ಹೊರಡುವಾಗ "ಚಹಾ ಕುಡ್ಕೊಂಡು ಹೋಗಿ ಅಕ್ಕ" ಎಂದ. ಇವತ್ತಿಗೂ ನನಗೆ ಆ ಮಾತನ್ನು ಕ್ಷಮಿಸಲು ಆಗಿಲ್ಲ.

ಮನೆಗೆ ಬಂದು ಫೈಲನ್ನು ಅಳಿಸಿದೆ. ಅಳಿಸುವ ಮುಂಚೆ ಅಂಕೆ ನೋಡಿದೆ, ಇನ್ನೂರ ಹದಿನಾಲ್ಕು. ಇಳಿಸಿಕೊಂಡವರ ಹತ್ತಿರ ಇದ್ದೇ ಇರುತ್ತದೆ. ಅವತ್ತೇ ಅಣ್ಣನಿಗೆ ಹೇಳಬೇಕಿತ್ತು. ಅವನು ಗುನುಗುತ್ತಿದ್ದ. ನಾಳೆ ಹೇಳೋಣ ಅಂದುಕೊಂಡೆ, ನಾಳೆಯೂ ಗುನುಗಿದ. ಮೂರು ದಿನ ಆ ಪ್ಲಾಸ್ಟಿಕ್ ಕುದುರೆಯನ್ನು ಚೀಲದಲ್ಲಿಟ್ಟುಕೊಂಡು ಕಳ್ಳಿಯ ಹಾಗೆ ಓಡಾಡಿದೆ.

ಶನಿವಾರ ಮಧ್ಯಾಹ್ನ ಬಂದಾಗ ಅಣ್ಣ ಅಂಗಿ ಹಾಕಿಕೊಳ್ಳುತ್ತಿದ್ದ. ಗುಂಡಿ ಹಾಕಲು ಬೆರಳು ಕೇಳುತ್ತಿರಲಿಲ್ಲ.

"ಅಂಗಡಿಯೋರು ಫೋನ್ ಮಾಡಿದ್ರು. ನನ್ನ ಕುದುರೆ ಪ್ಲಾಸ್ಟಿಕ್ಕಲ್ಲಿ ಬಂದಿದ್ಯಂತೆ, ಮೂರು ಕಾಸಿಗೆ. ಇನ್ಮೇಲೆ ನನ್ನದು ಬೇಡ ಅಂದ್ರು."

"ನೀನೆಲ್ಲಿಗೆ ಹೊರಟೆ?"

"ಕಾರ್ಖಾನೆಗೆ. ಇದು ಅವನದೇ ಕೆಲ್ಸ. ಇಪ್ಪತ್ತು ವರ್ಷ ನನ್ನ ಪಕ್ಕ ಕೂತೋನು ಅವನೊಬ್ಬನೇ. ನಾನು ನೀರು ಕುಡಿಯೋಕೆ ಎದ್ದಾಗ ತಿರುಗಿಸಿ ನೋಡಿರ್ತಾನೆ. ಎಲ್ಲರ ಮುಂದೆ ಕತ್ತಿನ ಪಟ್ಟಿ ಹಿಡಿದು ಕೇಳ್ತೀನಿ."

ಆ ಮನುಷ್ಯ ಅಣ್ಣನ ಕೈ ನಡುಗಲು ಶುರುವಾದಾಗ ತನ್ನ ಪಾಲಿನ ಕೆಲಸದ ಜೊತೆ ಅವನ ಒರಟು ಕೆಲಸವನ್ನೂ ಒಂದು ತಿಂಗಳು ಗುಟ್ಟಾಗಿ ಮಾಡಿಕೊಟ್ಟವನು. ಇನ್ನು ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ. ಚೀಲದಿಂದ ಪ್ಲಾಸ್ಟಿಕ್ ಕುದುರೆ ತೆಗೆದು ಅವನ ಮೇಜಿನ ಮೇಲಿಟ್ಟೆ.

"ಅವನಲ್ಲ ಅಣ್ಣ."

ಅಣ್ಣ ಕೂತ. ಕುದುರೆಯನ್ನು ಕೈಗೆ ತಗೊಂಡು ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದ. ಹೊಳ್ಳೆ, ಜೂಲು, ಗುಳಿ. ಹೆಬ್ಬೆರಳು ತಳಕ್ಕೆ ಬಂದು ನಿಂತಿತು.

"ಇದೇನಿದು ಉಬ್ಬು?"

"ಮೇಣ."

"ಯಾರ ಮೇಣ?"

"ನಂದು."

ಎಲ್ಲವನ್ನೂ ಹೇಳಿದೆ. ಪುಗಸಟ್ಟೆಯನ್ನು ಮನಸಾರೆ ಬೈದು ಹೇಳಿದೆ. ಅವನು ನಾಮ ಹಾಕಿದ, ಟೋಪಿ ಹಾಕಿದ, ಬೆನ್ನಿಗೆ ಚೂರಿ ಹಾಕಿದ ಎಂದೆಲ್ಲ. ಅಣ್ಣ ಅವನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅವನು ಕೇಳಿದ್ದು ಇಷ್ಟೇ:

"ದುಡ್ಡು ಕೊಟ್ಟು ತಗೊಳೋ ಅಂಥದ್ದು ಇರಲಿಲ್ವಾ?"

"ಇತ್ತು."

"ಎಷ್ಟು?"

ಹೇಳಿದೆ.

ಅವನು ಎದ್ದು ಹೋಗಿ ಹಾಸಿಗೆಯ ಕೆಳಗಿನ ಡಬ್ಬಿ ತಂದು ಮೇಜಿನ ಮೇಲಿಟ್ಟ. ತೆರೆಯಲಿಲ್ಲ. "ಇದ್ರಲ್ಲಿ ಅದರ ಎರಡರಷ್ಟಿತ್ತು ಪುಟ್ಟಿ. ನೀನು ಕೇಳ್ಲಿಲ್ಲ" ಎಂದ. ಬೈದಿದ್ದರೆ ನಾನೂ ತಿರುಗಿ ಬೈದು ಅತ್ತು ಹಗುರಾಗುತ್ತಿದ್ದೆ. ಅವನು ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ ಕೈತೊಳೆಯಲು ಹೋದ.

ಈಗ ದುಡ್ಡು ಕೊಟ್ಟ ಸಾಫ್ಟ್‌ವೇರ್ ನನ್ನ ಕಂಪ್ಯೂಟರಿನಲ್ಲಿದೆ. ಸಾಲ ಮಾಡಿ ತಂದೆ. ಷರತ್ತಿನ ಪುಟವನ್ನು ಒಂದಕ್ಷರ ಬಿಡದೆ ಎರಡು ದಿನ ಕೂತು ಓದಿದೆ. ಅದರಲ್ಲಿ ಮಾಡಲು ಏನೂ ಇಲ್ಲ. ಯಂತ್ರದ ಮೇಲೆ ಹಳೆಯ ಸೀರೆ ಹೊದಿಸಿದ್ದೇನೆ.

ಅಣ್ಣ ಮತ್ತೆ ಕೆತ್ತುತ್ತಿದ್ದಾನೆ. ಹೊಸ ಕುದುರೆ, ಮೊದಲಿಂದ, ದೊಡ್ಡ ಉಳಿಯಿಂದಲೇ. ಕೈ ನಡುಗಿದಾಗ ನಿಲ್ಲಿಸುತ್ತಾನೆ, ನಿಂತಾಗ ಮುಂದುವರಿಸುತ್ತಾನೆ. ಒಂದು ಕಿವಿಗೆ ಹದಿನೈದು ದಿನ ಹಿಡಿಯಿತಂತೆ. ನನ್ನೊಂದಿಗೆ ಮಾತು ಬಿಟ್ಟಿಲ್ಲ. ಊಟ ಒಟ್ಟಿಗೇ, ಪೇಪರಿನ ಸುದ್ದಿಗೆ ಜಗಳವೂ ಒಟ್ಟಿಗೇ. ನೆನ್ನೆ ಬೆಳಿಗ್ಗೆ ಚಹಾ ತಗೊಂಡು ಅವನ ಕೋಣೆಗೆ ಹೋದೆ. ಬೆಳಕಿಗೆ ಹಿಡಿದು ನೋಡುತ್ತಿದ್ದವನು ನನ್ನ ಹೆಜ್ಜೆ ಸಪ್ಪಳಕ್ಕೆ ತಲೆ ಎತ್ತಿದ.

"ಇವತ್ತು ಬೇಗ ಎದ್ದಿದೀಯ ಪುಟ್ಟಿ" ಎಂದ. ಅನ್ನುತ್ತಲೇ ಕುದುರೆಯನ್ನು ಮೇಜಿನ ಮೇಲಿಟ್ಟು, ಮುಖವನ್ನು ಗೋಡೆಗೆ ತಿರುಗಿಸಿ, ಲೋಟಕ್ಕೆ ಕೈಚಾಚಿದ.